ಸ್ಪೀಕರ್ ಕೆಳಗೆ ಪಾದ ಹಾಕಿದರೂ ಅದುರಾಟ ನಿಂತಿಲ್ಲವೇ? ತಪ್ಪು ಹುಡುಕುವುದು ಹೀಗೆ

ಸ್ಪೀಕರ್‌ನ ತಳದ ಸ್ಪೈಕ್ (ಚೂಪು ತುದಿಯ ಲೋಹದ ಕಾಲು) ಬಿಚ್ಚಿ, ಕಂಪನ ತಡೆಯುವ ಪಾದ ಹಾಕಿಸಿಕೊಂಡವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬಾಸ್‌ನ, ಅಂದರೆ ತಗ್ಗು ಸ್ವರಗಳ, ಗುಂಯ್ ನಿಲ್ಲಲಿಲ್ಲ. ನಿಲ್ಲುವುದಿರಲಿ, ಜಾಸ್ತಿಯೇ ಆಯಿತು. ಪೆಟ್ಟಿಗೆ ಮುಟ್ಟಿದರೆ ತೂಗಾಡುತ್ತದೆ. ಒಂದು ಮೂಲೆ ಕುಂಟುತ್ತದೆ. ಎಲ್ಲಿಂದಲೋ ಜರ್ರ್ ಅಂತ ಸದ್ದು ಬರುತ್ತದೆ. ಇಲ್ಲವೇ, ಇಷ್ಟು ದುಡ್ಡು ಸುರಿದರೂ ಏನೂ ಬದಲಾಗಲಿಲ್ಲ.

ಪಾದವೇ ಕೆಟ್ಟಿರುವುದು ಅಪರೂಪ. ಪಾದಕ್ಕೂ ಅದರ ಮೇಲೆ ಕೂತ ಭಾರಕ್ಕೂ ತಾಳೆ ಇರುವುದಿಲ್ಲ. ಅಥವಾ ಅದುರಾಟ ಪಾದವನ್ನು ಬಿಟ್ಟು ಬೇರೆ ದಾರಿ ಹಿಡಿದಿರುತ್ತದೆ. ಹಾಗಾಗಿ ಇನ್ನೊಂದು ಸೆಟ್ ಪಾದ ತರಿಸುವ ಮುಂಚೆ ಒಂದು ಮಧ್ಯಾಹ್ನ ಇದಕ್ಕೆ ಕೊಡಿ. ಬೇಕಾಗುವುದು ಒಂದು ವರ್ನಿಯರ್ ಕ್ಯಾಲಿಪರ್ (ಮಿಲಿಮೀಟರಿನ ಸಣ್ಣ ಭಾಗವನ್ನೂ ಅಳೆಯುವ ಸಾಧನ), ಮನೆಯಲ್ಲಿ ತೂಕ ನೋಡುವ ಮೆಷಿನ್, ರಸಮಟ್ಟ, ಒಂದು ಫೋನ್. ಜೊತೆಗೆ ಪೆಟ್ಟಿಗೆ ಹಿಡಿಯಲು ಇನ್ನೊಬ್ಬರು. ಈ ಕೊನೆಯದನ್ನು ಬಿಡಬೇಡಿ. ಎತ್ತರದ ಸ್ಪೀಕರ್‌ನ್ನು ಒಬ್ಬರೇ ವಾಲಿಸಲು ಹೋಗಿ ಬೀಳಿಸಿದರೆ ಮತ್ತೆ ಈ ಬರಹದಿಂದ ಏನೂ ಉಪಯೋಗವಿಲ್ಲ.

ನೆಲದಿಂದ ಬರುತ್ತಿದೆಯೋ, ಗಾಳಿಯಿಂದಲೋ?

ಪಾದ ತಡೆಯುವುದು ಒಂದನ್ನು ಮಾತ್ರ: ಪೆಟ್ಟಿಗೆಯಿಂದ ನೆಲಕ್ಕೆ ಇಳಿಯುವ ಅದುರಾಟ. ಗಾಳಿಯಲ್ಲಿ ಹೋಗಿ ಕಿಟಕಿ ಗಾಜನ್ನು ನಡುಗಿಸುವ ಸದ್ದಿಗೂ ಪಾದಕ್ಕೂ ಸಂಬಂಧವಿಲ್ಲ. ಆದರೆ ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಅದಕ್ಕೇ ಮೊದಲು ಇವೆರಡನ್ನು ಬೇರೆ ಮಾಡಬೇಕು.

ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಳ್ಳಿ, ಒಂದೇ ಸ್ವರವನ್ನು ಎಡೆಬಿಡದೆ ನುಡಿಸುವಂಥದ್ದು. 30 ಹರ್ಟ್ಜ್‌ನಿಂದ (ಸೆಕೆಂಡಿಗೆ 30 ಅದುರಾಟ) ಶುರು ಮಾಡಿ ನಿಧಾನವಾಗಿ 200ರ ತನಕ ಏರಿಸಿ. ವಾಲ್ಯೂಮ್ ಸಾಧಾರಣ ಇರಲಿ. ಶುದ್ಧ ಟೋನ್ ಹಾಡಿನ ಹಾಗಲ್ಲ, ಬಾಸ್ ನುಡಿಸುವ ವೂಫರ್‌ಗೆ ಉಸಿರಾಡಲು ಬಿಡುವುದಿಲ್ಲ. ಅದರಲ್ಲೂ ಪೋರ್ಟ್ (ಗಾಳಿ ಆಡುವ ತೂತು) ಇರುವ ಪೆಟ್ಟಿಗೆಯಲ್ಲಿ ತೀರಾ ಕೆಳಗಿನ ಟೋನ್ ಜೋರಾಗಿ ಬಿಟ್ಟರೆ ವೂಫರ್‌ನ ಕೋನ್ (ಹಿಂದೆ ಮುಂದೆ ಅದುರುವ ಭಾಗ) ಹಿಡಿತ ತಪ್ಪಿ ಸಿಕ್ಕಾಪಟ್ಟೆ ಕುಣಿಯುತ್ತದೆ. ಏರಿಸುತ್ತಾ ಹೋದಾಗ ಎಲ್ಲೋ ಒಂದು ಕಡೆ ಗುಂಯ್ ಅಥವಾ ಜರ್ರ್ ಎದ್ದು ಬರುತ್ತದೆ. ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಇಡೀ ತನಿಖೆಗೆ ಇದೇ ಆಧಾರ.

ಈಗ ಅದೇ ಟೋನ್ ಬಿಟ್ಟುಕೊಂಡು ಸ್ಪೀಕರ್‌ನ್ನು ದಪ್ಪ ಸೋಫಾ ಕುಶನ್ ಮೇಲೆ ಕೂರಿಸಿ. ಒಬ್ಬರು ಹಿಡಿದುಕೊಂಡೇ ಇರಬೇಕು. ಗುಂಯ್ ಹಾಗೇ ಇದೆಯೇ? ಹಾಗಿದ್ದರೆ ಅದು ಗಾಳಿಯ ದಾರಿ. ನೀವು ಎಂಥ ಪಾದ ತಂದರೂ ಅದು ಹೋಗುವುದಿಲ್ಲ. ಗಣನೀಯವಾಗಿ ಇಳಿಯಿತೇ? ಆಗ ನೆಲದ ದಾರಿ, ಮುಂದೆ ಓದಿ.

ಗಾಳಿಯ ದಾರಿಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುವ ಕಳ್ಳ ಕೋಣೆಯೇ. ಎದುರುಬದುರು ಗೋಡೆಗಳ ನಡುವೆ ಒಂದು ನಿರ್ದಿಷ್ಟ ಟೋನ್ ಕಟ್ಟಿಕೊಂಡು ನಿಲ್ಲುತ್ತದೆ. ಲೆಕ್ಕ ಸುಲಭ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ. 4 ಮೀಟರ್ ಕೋಣೆಗೆ 43 ಹರ್ಟ್ಜ್, 5 ಮೀಟರ್‌ಗೆ 34. ನೀವು ಬರೆದಿಟ್ಟ ಸಂಖ್ಯೆ ಇದರ ಹತ್ತಿರವಿದ್ದರೆ ಟೋನ್ ಬಿಟ್ಟುಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೆದು ನೋಡಿ. ಗೋಡೆ ಹತ್ತಿರ ಜೋರು, ಕೋಣೆಯ ನಟ್ಟನಡುವೆ ಸದ್ದೇ ಇಲ್ಲದ ಹಾಗೆ ಆಗುತ್ತದೆ. ಹಾಗಾದರೆ ಕೂರುವ ಜಾಗ ಅಥವಾ ಸ್ಪೀಕರ್ ಇಟ್ಟ ಜಾಗ ಬದಲಿಸಬೇಕು. ಪಾದದ ಮಾತು ಅಲ್ಲಿಗೆ ಮುಗಿಯಿತು.

ಭಾರ ಮತ್ತು ಪಾದದ ಲೆಕ್ಕ

ಇದು ಈ ಬರಹದ ಹೊಟ್ಟೆ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಮೂರ್ನಾಲ್ಕು ರಬ್ಬರ್ ಬ್ಯಾಂಡ್ ಒಂದಕ್ಕೊಂದು ಪೋಣಿಸಿ ತುದಿಗೆ ಒಂದು ಬೀಗ ಕಟ್ಟಿ. ಇನ್ನೊಂದು ತುದಿ ಕೈಯಲ್ಲಿ ಹಿಡಿಯಿರಿ. ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಬೀಗ ಕೈಯ ಜೊತೆಗೇ ಬರುತ್ತದೆ. ರಬ್ಬರ್ ಇದ್ದೂ ಇಲ್ಲದ ಹಾಗೆ. ಈಗ ಕೈಯನ್ನು ಚಕಚಕ ಬೇಗ ಆಡಿಸಿ. ಕೈ ಅದುರುತ್ತದೆ, ಬೀಗ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಇವೆರಡರ ನಡುವೆ ಒಂದು ವೇಗ ಇದೆ. ಅಲ್ಲಿ ಕೈ ಒಂದಿಂಚು ಆಡಿದರೆ ಬೀಗ ಒಂದಡಿ ಹಾರಿ ಮುಖಕ್ಕೆ ಬರುತ್ತದೆ. ಅದೇ ಆ ಜೋಡಿಯ ಸಹಜ ಆವೃತ್ತಿ.

ಸ್ಪೀಕರ್ ಮತ್ತು ಪಾದದ ಕಥೆಯೂ ಇದೇ, ತಲೆಕೆಳಗು ಅಷ್ಟೇ. ಸಹಜ ಆವೃತ್ತಿಗಿಂತ ಕೆಳಗಿನ ಟೋನ್‌ಗಳಿಗೆ ಪಾದ ಏನನ್ನೂ ತಡೆಯುವುದಿಲ್ಲ. ಆ ಆವೃತ್ತಿಯ ಹತ್ತಿರ ಅದುರಾಟವನ್ನು ಹೆಚ್ಚಿಸಿ ಕಳಿಸುತ್ತದೆ. ಅದರ 1.41 ಪಟ್ಟು ದಾಟಿದ ಮೇಲೆ ಮಾತ್ರ ತಡೆಯಲು ಶುರು. ಎರಡು ಪಟ್ಟಿನಲ್ಲಿ ಮೂರನೇ ಒಂದು ಭಾಗ ಮಾತ್ರ ಕೆಳಗಿಳಿಯುತ್ತದೆ, ಮೂರು ಪಟ್ಟಿನಲ್ಲಿ ಎಂಟನೇ ಒಂದು ಭಾಗ. ಪಾದದಲ್ಲಿ ಅದುರಾಟ ಹೀರುವ ಗುಣ ಎಷ್ಟಿದೆ ಎನ್ನುವುದರ ಮೇಲೆ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ 1.41ರ ಗೆರೆ ಅಲ್ಲೇ ಇರುತ್ತದೆ.

ಈ ಸಹಜ ಆವೃತ್ತಿ ಎಷ್ಟು ಅಂತ ತಿಳಿಯುವುದು ಹೇಗೆ? ಪಾದ ಭಾರಕ್ಕೆ ಎಷ್ಟು ಕುಸಿಯಿತು ಅಂತ ಅಳೆದರೆ ಸಾಕು. ಬರಿಯ ಪಾದದ ಎತ್ತರ ಅಳೆಯಿರಿ. ಸ್ಪೀಕರ್ ಕೂತ ಮೇಲೆ ಮತ್ತೆ ಅಳೆಯಿರಿ. ವ್ಯತ್ಯಾಸ ಎಷ್ಟು ಮಿಲಿಮೀಟರೋ ಅದರ ವರ್ಗಮೂಲದಿಂದ 15.8ನ್ನು ಭಾಗಿಸಿ. ಬರುವುದೇ ಹರ್ಟ್ಜ್ ಲೆಕ್ಕ. 1 ಮಿ.ಮೀ. ಕುಸಿದರೆ 15.8 ಹರ್ಟ್ಜ್. 4 ಮಿ.ಮೀ. ಕುಸಿದರೆ 7.9. 10 ಮಿ.ಮೀ. ಆದರೆ 5. ಕಾಲು ಮಿ.ಮೀ. ಮಾತ್ರ ಕುಸಿದರೆ 31ರ ಮೇಲೆ. ಉಕ್ಕಿನ ಸ್ಪ್ರಿಂಗ್‌ಗೆ ಈ ಲೆಕ್ಕ ಸರಿಯಾಗಿ ಕೂರುತ್ತದೆ. ರಬ್ಬರ್ ಮಾತ್ರ ಅದುರುವಾಗ ಸುಮ್ನೆ ಕೂತಾಗಿನದಕ್ಕಿಂತ ಗಟ್ಟಿಯಾಗಿ ವರ್ತಿಸುತ್ತದೆ. ಹಾಗಾಗಿ ರಬ್ಬರ್ ಪಾದವಾದರೆ ನಿಜವಾದ ಸಂಖ್ಯೆ ಲೆಕ್ಕಕ್ಕಿಂತ ಇನ್ನಷ್ಟು ಮೇಲೆ ಇರುತ್ತದೆ ಅಂತಲೇ ಇಟ್ಟುಕೊಳ್ಳಿ.

ನಾನು ಎಡವಿದ್ದೂ ಇಲ್ಲೇ. ನನ್ನ ಸ್ಪೀಕರ್ ಒಂದೊಂದೂ 24 ಕೆ.ಜಿ. ಪಾದ ಕೊಳ್ಳುವಾಗ "ಇರಲಿ, ದೊಡ್ಡದೇ ಇರಲಿ, ಭಾರ ತಡೆಯುತ್ತೆ" ಅಂತ 60 ಕೆ.ಜಿ. ಹೊರುವ ಸೆಟ್ ತಂದೆ. ಹಾಕಿದ ದಿನದಿಂದ ಬಾಸ್ ಗಿಟಾರಿನ ಕೆಳಗಿನ ತಂತಿ ನುಡಿದಾಗಲೆಲ್ಲ ಕಾಲಡಿಯ ಹಲಗೆ ನೆಲ ಮೊದಲಿಗಿಂತ ಹೆಚ್ಚೇ ಅದುರುತ್ತಿತ್ತು. ವಾರಗಟ್ಟಲೆ ಸ್ಪೀಕರ್ ಅತ್ತಿತ್ತ ಸರಿಸಿದೆ. ಕೊನೆಗೆ ವರ್ನಿಯರ್ ಹಿಡಿದೆ. ಬರಿಯ ಪಾದ 45.0 ಮಿ.ಮೀ. ಭಾರ ಕೂತ ಮೇಲೆ 44.7. ಬರೀ 0.3 ಮಿ.ಮೀ.! ಲೆಕ್ಕ ಹಾಕಿದರೆ 29 ಹರ್ಟ್ಜ್. ತಡೆಯಲು ಶುರುವಾಗುವುದೇ 41ರಿಂದ. ಆ ತಂತಿಯ ಸ್ವರವೂ ಸುಮಾರು 41 ಹರ್ಟ್ಜ್. ಅಂದರೆ ಅಷ್ಟು ದಿನ ಆ ಪಾದಗಳು ಆ ಸ್ವರವನ್ನು ತಡೆಯುತ್ತಲೇ ಇರಲಿಲ್ಲ. ರಬ್ಬರ್‌ನ ಗಟ್ಟಿತನ ಸೇರಿಸಿದರೆ ಹೆಚ್ಚಿಸಿಯೇ ಕಳಿಸುತ್ತಿದ್ದವು. ಗಟ್ಟಿ ಪಾದದ ಮೇಲೆ ಹಗುರ ಸ್ಪೀಕರ್ ಇಟ್ಟರೆ ಅದು ಪಾದವಲ್ಲ, ಮರದ ತುಂಡು.

ಸಣ್ಣ ಅಳತೆಯ ಸೆಟ್ ಹಾಕಿದ ಮೇಲೆ ಕುಸಿತ 2.5 ಮಿ.ಮೀ. ಆಯಿತು. ಲೆಕ್ಕಕ್ಕೆ 10 ಹರ್ಟ್ಜ್. ರಬ್ಬರ್ ಅಂತ 13 ಎಂದೇ ಇಟ್ಟುಕೊಂಡರೂ 41 ಹರ್ಟ್ಜ್ ಅದರ ಮೂರು ಪಟ್ಟು. ನೆಲ ಸುಮ್ಮನಾಯಿತು. ಸೇತುವೆ ಕಟ್ಟುವಾಗ ಜಾಸ್ತಿ ಭಾರ ಹೊರುವುದು ಒಳ್ಳೆಯದು, ಪಾದದಲ್ಲಿ ಅಲ್ಲ. ಕಂಪನಿಗಳು ಭಾರದ ಮೇಲೆ ಅಳತೆ ಬೇರೆ ಬೇರೆ ಮಾಡಿ ಮಾರುವುದು ಇದಕ್ಕೇ. ಐಸೊಅಕೌಸ್ಟಿಕ್ಸ್‌ನ ಗಾಯಾ ಪಾದಗಳನ್ನೇ ನೋಡಿ: ನಾಲ್ಕು ಪಾದದ ಸೆಟ್‌ಗೆ ಸುಮಾರು 32, 54, 100 ಕೆ.ಜಿ. ಅಂತ ಮೂರು ಮಿತಿ. 28 ಕೆ.ಜಿ. ಸ್ಪೀಕರ್‌ಗೆ 100ರದ್ದು ತಂದರೆ ಘನತೆ ಹೆಚ್ಚಬಹುದು, ಕೆಲಸ ಆಗುವುದಿಲ್ಲ.

ಉಲ್ಟಾ ತಪ್ಪೂ ಇದೆ. ಭಾರ ಮಿತಿ ಮೀರಿದರೆ ರಬ್ಬರ್ ಪೂರ್ತಿ ಹಿಸುಕಿ, ಅಥವಾ ಸ್ಪ್ರಿಂಗ್‌ನ ಸುತ್ತುಗಳು ಒಂದಕ್ಕೊಂದು ತಾಗಿ, ಪಾದ ಗಟ್ಟಿಯಾಗಿ ನಿಂತುಬಿಡುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಪೆಟ್ಟಿಗೆಯ ಆ ಮೂಲೆಯನ್ನು ಅಂಗೈಯಿಂದ ಕೆಳಕ್ಕೆ ಒತ್ತಿ. ಒಂಚೂರೂ ಬಗ್ಗದೆ ಕಲ್ಲಿನ ಹಾಗೆ ಇದ್ದರೆ ತಳ ಕಂಡಿದೆ ಅಂತ ಅರ್ಥ. ಸ್ಪ್ರಿಂಗ್ ಆದರೆ ಸುತ್ತುಗಳ ನಡುವೆ ಒಂದು ತೆಳು ಕಾರ್ಡ್ ತೂರಿಸಿ ನೋಡಿ.

ಒಟ್ಟು ತೂಕ ಸರಿ, ಮೂಲೆಯ ತೂಕ ತಪ್ಪು

ಒಟ್ಟು ತೂಕ ನೋಡಿ ಪಾದ ಆರಿಸಿದೆ, ಆದರೂ ಸರಿಯಿಲ್ಲ ಅನ್ನುವವರು ಇದನ್ನು ನೋಡಿ. ವೂಫರ್‌ನ ಮ್ಯಾಗ್ನೆಟ್ ಎಲ್ಲ ಮುಂದಿನ ಹಲಗೆಯಲ್ಲೇ ಇರುತ್ತದೆ. ಆದ್ದರಿಂದ ಹೆಚ್ಚಿನ ಸ್ಪೀಕರ್‌ಗಳು ಮುಂಭಾರ. ನಾಲ್ಕೂ ಪಾದಕ್ಕೆ ಸಮ ಪಾಲು ಬರುವುದಿಲ್ಲ.

ಅಳೆಯುವುದು ಹೀಗೆ. ಮುಂದಿನ ಎರಡು ಪಾದಗಳನ್ನು ತೂಕದ ಮೆಷಿನ್ ಮೇಲೆ ಇಡಿ. ಹಿಂದಿನವುಗಳ ಕೆಳಗೆ ಮೆಷಿನ್‌ನಷ್ಟೇ ಎತ್ತರದ ಪುಸ್ತಕ ಅಥವಾ ಹಲಗೆ ಕೊಡಿ. ಪೆಟ್ಟಿಗೆ ನೆಟ್ಟಗಿರಬೇಕು, ವಾಲಿದರೆ ಅಳತೆ ತಪ್ಪುತ್ತದೆ. ಓದಿಕೊಳ್ಳಿ. ಆಮೇಲೆ ಹಿಂದಿನವನ್ನು ಮೆಷಿನ್ ಮೇಲಿಡಿ.

ಒಂದು ಲೆಕ್ಕ ನೋಡಿ. ಸ್ಪೀಕರ್ 32 ಕೆ.ಜಿ. ಪಾದದ ಡಬ್ಬಿಯ ಮೇಲೆ ಒಂದೊಂದಕ್ಕೆ 6ರಿಂದ 10 ಕೆ.ಜಿ. ಅಂತಿದೆ. ನಾಲ್ಕರಿಂದ ಭಾಗಿಸಿದರೆ 8, ಸರಿಯಾಗಿ ಮಧ್ಯೆ. ಇನ್ನೇನು ಬೇಕು ಅಲ್ವಾ? ಆದರೆ ಮೆಷಿನ್ ಹೇಳುವುದು ಮುಂದೆ 20.5, ಹಿಂದೆ 11.5. ಅಂದರೆ ಮುಂದಿನ ಒಂದೊಂದು ಪಾದಕ್ಕೆ 10.25, ಮಿತಿ ಮೀರಿದೆ. ಹಿಂದಿನದಕ್ಕೆ 5.75, ಮಿತಿಗೆ ತಲುಪಿಲ್ಲ. ಸರಾಸರಿ ಸರಿಯಿದ್ದೂ ನಾಲ್ಕರಲ್ಲಿ ಒಂದೂ ಸರಿಯಿಲ್ಲ.

ಇದಕ್ಕೆ ದಾರಿ ಎರಡು ಮೂರು ಇವೆ. ಒಂದೇ ಸರಣಿಯ ಗಟ್ಟಿ ಪಾದ ಮುಂದೆ, ಮೆದು ಪಾದ ಹಿಂದೆ ಹಾಕಬಹುದು. ಕೆಲವು ಸ್ಪ್ರಿಂಗ್ ಪಾದಗಳಲ್ಲಿ ಒಳಗಿನ ಸಣ್ಣ ಸ್ಪ್ರಿಂಗ್‌ಗಳನ್ನು ಬೇಕಾದಷ್ಟು ತೆಗೆದು ಹಾಕಲು ಬರುತ್ತದೆ. ಅಲ್ಲಿ ಮುಂದೆ ಜಾಸ್ತಿ, ಹಿಂದೆ ಕಡಿಮೆ ಕೂರಿಸಿ. ಪೆಟ್ಟಿಗೆ ಕೆಳಗೆ ಅಗಲದ ಹಲಗೆ ಹಾಕಿ ಪಾದಗಳ ಜಾಗ ಸರಿಸುವುದೂ ಆಗುತ್ತದೆ. ಯಾವುದು ಮಾಡಿದರೂ ಭಾರ ಕೂತ ಮೇಲೆ ನಾಲ್ಕೂ ಒಂದೇ ಎತ್ತರಕ್ಕೆ ಬರಬೇಕು.

ಸ್ಪೀಕರ್ ಒಂಚೂರು ಮುಂದಕ್ಕೆ ಬಗ್ಗಿದೆ ಅಂತ ತಲೆ ಕೆಡಿಸಿಕೊಳ್ಳುವವರಿದ್ದಾರೆ. 30 ಸೆಂ.ಮೀ. ಆಳದ ಪೆಟ್ಟಿಗೆಯ ಮುಂಭಾಗ 3 ಮಿ.ಮೀ. ತಗ್ಗಿದರೆ 3 ಮೀಟರ್ ದೂರದಲ್ಲಿ ಟ್ವೀಟರ್‌ನ (ಎತ್ತರದ ಸ್ವರ ನುಡಿಸುವ ಸಣ್ಣ ಭಾಗ) ಗುರಿ 3 ಸೆಂ.ಮೀ. ಕೆಳಗಿಳಿಯುತ್ತದೆ. ಅಷ್ಟೇ. ನೀವು ಕುರ್ಚಿಯಲ್ಲಿ ಒರಗಿಕೊಂಡರೆ ಅದಕ್ಕಿಂತ ಜಾಸ್ತಿ ಬದಲಾಗುತ್ತದೆ.

ಪಾದವನ್ನು ದಾಟಿ ಹೋಗುವ ದಾರಿಗಳು

ಲೆಕ್ಕ ಎಲ್ಲ ಸರಿಯಿದ್ದೂ ನೆಲ ಅದುರುತ್ತಿದ್ದರೆ ಪೆಟ್ಟಿಗೆ ಬೇರೆ ಎಲ್ಲೋ ತಾಗುತ್ತಿದೆ. ನೆಲಕ್ಕೆ ಮುಖ ತಾಗುವಷ್ಟು ಬಗ್ಗಿ, ಟಾರ್ಚ್ ಹಾಕಿ ನೋಡಿ. ದಪ್ಪ ಸ್ಪೀಕರ್ ಕೇಬಲ್ ಮೊದಲ ಅನುಮಾನ. ಹೆಬ್ಬೆರಳು ದಪ್ಪದ, ಬಗ್ಗಿಸಿದರೆ ಬಗ್ಗದ ಕೇಬಲ್ ಹಿಂದಿನ ಟರ್ಮಿನಲ್‌ನಿಂದ ನೇರ ನೆಲಕ್ಕೆ ಕೋಲಿನ ಹಾಗೆ ಊರಿಕೊಂಡಿರುತ್ತದೆ. ಆಗ ಅದೇ ಐದನೇ ಕಾಲು. ಟರ್ಮಿನಲ್ ಹತ್ತಿರ ಒಂದು ಸಡಿಲ ಸುತ್ತು ಬಿಟ್ಟು ಕೇಬಲ್ ಜೋತಾಡುವ ಹಾಗೆ ಮಾಡಿ.

ಕಾರ್ಪೆಟ್ ಇನ್ನೊಂದು. ದಪ್ಪ ಕಾರ್ಪೆಟ್‌ನಲ್ಲಿ ಗಿಡ್ಡ ಪಾದ ಮುಳುಗಿ ಪೆಟ್ಟಿಗೆಯ ತಳವೇ ಕಾರ್ಪೆಟ್ ಮೇಲೆ ಕೂತಿರುತ್ತದೆ. ಹಳೆಯ ಸ್ಪೈಕ್ ಒಂದನ್ನು ಬಿಚ್ಚಲು ಮರೆತಿರುವುದೂ ಉಂಟು, ನಗಬೇಡಿ. ಹಿಂದಿನ ಗೋಡೆಯ ಸ್ಕರ್ಟಿಂಗ್‌ಗೆ ಪೆಟ್ಟಿಗೆ ತಾಗಿದೆಯೇ ನೋಡಿ. ಪಕ್ಕದ ಟಿವಿ ಸ್ಟ್ಯಾಂಡ್‌ಗೂ ತಾಗಬಾರದು. ಪೆಟ್ಟಿಗೆಯ ಸುತ್ತ ಒಂದು ಹಾಳೆ ಹಿಡಿದು ಎಳೆಯುತ್ತಾ ಬಂದರೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ತಪ್ಪು.

ಕೆಲವು ಪಾದಗಳಿಗೆ ದಿಕ್ಕಿದೆ. ಗಾಯಾ ಪಾದಗಳಲ್ಲಿ ಲೋಗೊ ಇರುವ ಬದಿ ಮುಂದಕ್ಕೋ ಹಿಂದಕ್ಕೋ ನೋಡಬೇಕು, ಪಕ್ಕಕ್ಕೆ ಅಲ್ಲ. ಬಿಗಿ ಮಾಡುವಾಗ ತಿರುಗಿಹೋಗಿರುತ್ತದೆ, ಒಮ್ಮೆ ನೋಡಿಬಿಡಿ.

ಕುಂಟುವುದು ಮತ್ತು ತೂಗಾಡುವುದು

ಇವೆರಡೂ ಬೇರೆ ಬೇರೆ. ಕುಂಟುವುದು ಎಂದರೆ ಎದುರುಬದುರಿನ ಎರಡು ಮೂಲೆ ಊರಿಕೊಂಡು ಉಳಿದೆರಡು ಟಕ್ ಟಕ್ ಅನ್ನುವುದು. ಮೂರು ಕಾಲಿನದು ಎಲ್ಲಿಟ್ಟರೂ ಕುಂಟುವುದಿಲ್ಲ, ನಾಲ್ಕು ಕಾಲಿನದಕ್ಕೆ ನೆಲ ಸಮ ಇರಲೇಬೇಕು. ಪೆಟ್ಟಿಗೆಯ ತಲೆ ಮೇಲೆ ರಸಮಟ್ಟ ಇಟ್ಟು, ಯಾವ ಪಾದದ ಕೆಳಗೆ ಕಾಗದ ಸಲೀಸಾಗಿ ಜಾರುತ್ತದೋ ಅದನ್ನು ಇಳಿಸಿ. ಲಾಕ್ ನಟ್ ಬಿಗಿ ಮಾಡಿದ ಮೇಲೆ ಮತ್ತೆ ನೋಡಿ. ಬಿಗಿ ಮಾಡುವಾಗಲೇ ಅರ್ಧ ಸುತ್ತು ಏರಿಬಿಡುವುದು ಮಾಮೂಲು.

ಬೋಲ್ಟ್‌ನ ಮರೆ (ತಿರುಪಿನ ಥ್ರೆಡ್) ತೂತಿಗೆ ಹೊಂದದಿರುವುದು ಇದಕ್ಕಿಂತ ಕೆಟ್ಟದ್ದು. ಸ್ಪೀಕರ್‌ಗಳಲ್ಲಿ ಎಂ6, ಎಂ8 ಮರೆಗಳ ಜೊತೆಗೆ ಕಾಲಿಂಚು ದಪ್ಪದ, ಇಂಚಿಗೆ 20 ಮರೆ ಇರುವುದೂ ಕಾಣಸಿಗುತ್ತದೆ. ಎಂ6 ಬೋಲ್ಟ್ 6 ಮಿ.ಮೀ., ಕಾಲಿಂಚು ಅಂದರೆ 6.35. ಕಾಲಿಂಚಿನ ತೂತಿಗೆ ಎಂ6 ಬೋಲ್ಟ್ ಮೊದಲು ಹೊಕ್ಕ ಹಾಗೆ ಕಾಣುತ್ತದೆ, ಆದರೆ ಮರೆ ಸರಿಯಾಗಿ ಕೂರುವುದಿಲ್ಲ. ಬಾಸ್ ಬಂದಾಗ ಅಲ್ಲಿಂದಲೇ ಗಿರಗಿರ ಸದ್ದು. ಎಂ8 ಬೋಲ್ಟ್‌ನ್ನು 5/16 ಇಂಚಿನ ತೂತಿಗೆ ಹಾಕಿದರೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಎರಡರ ದಪ್ಪ ಹತ್ತತ್ತಿರ, ಆದರೆ ಮರೆಯ ಅಂತರ ಒಂದರದ್ದು 1.25 ಮಿ.ಮೀ., ಇನ್ನೊಂದರದ್ದು 1.41. ಸ್ಪ್ಯಾನರ್ ಹಾಕಿ ಜೋರು ಮಾಡಿದಿರೋ, ಪೆಟ್ಟಿಗೆಯೊಳಗಿನ ನಟ್ ಕಿತ್ತು ಬರುತ್ತದೆ. ಬೆರಳಲ್ಲೇ ಐದಾರು ಸುತ್ತು ಹೋಗದ ಬೋಲ್ಟ್ ಆ ತೂತಿನದ್ದಲ್ಲ. ಬೋಲ್ಟ್ ಉದ್ದ ಜಾಸ್ತಿಯಾದರೂ ತೊಂದರೆ. ತುದಿ ಒಳಗೆ ತಳ ಮುಟ್ಟಿ, ಬಿಗಿಯಾದ ಹಾಗೆ ಕಾಣುತ್ತದೆ, ಪಾದದ ತಲೆ ಮಾತ್ರ ಪೆಟ್ಟಿಗೆಗೆ ಕೂತಿರುವುದಿಲ್ಲ.

ತೂಗಾಡುವುದು ಮೆದು ಪಾದದ ಗುಣವೇ. ಎಷ್ಟು ಅನ್ನುವುದು ಪ್ರಶ್ನೆ. ಪೆಟ್ಟಿಗೆಯ ತಲೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿ ಬಿಡಿ. ಎರಡು ಮೂರು ಸಲ ತೂಗಿ ನಿಂತರೆ ಚೆನ್ನಾಗಿದೆ. ಹತ್ತು ಹನ್ನೆರಡು ಸಲ ತೂಗುತ್ತಲೇ ಇದ್ದರೆ ಅದುರಾಟ ಹೀರುವ ವಸ್ತು ಪಾದದಲ್ಲಿಲ್ಲ, ಬರೀ ಸ್ಪ್ರಿಂಗ್ ಇದೆ. ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಅಂತಲೂ ಎಣಿಸಿ. ನಾವು ನಡೆಯುವುದು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ. ಸ್ಪೀಕರ್ ಕೂಡ ಸೆಕೆಂಡಿಗೆ ಎರಡು ಸಲ ತೂಗುವಂತಿದ್ದರೆ, ಹಲಗೆ ನೆಲದ ಮೇಲೆ ಪಕ್ಕದಲ್ಲಿ ಯಾರಾದರೂ ನಡೆದು ಹೋದರೆ ಸಾಕು, ಅದೂ ತಲೆದೂಗುತ್ತದೆ.

ಎತ್ತರ ಜಾಸ್ತಿ, ಅಗಲ ಕಡಿಮೆ ಇರುವ ಸ್ಪೀಕರ್‌ಗೆ ಮೆದು ಪಾದ ಹಾಕಿದರೆ ಬೀಳುವ ಭಯ ನಿಜವಾದದ್ದೇ. ಮಕ್ಕಳೋ ನಾಯಿಯೋ ಓಡಾಡುವ ಕಡೆಯಾದರೆ ಪಾದಗಳನ್ನು ಪೆಟ್ಟಿಗೆಯಿಂದ ಹೊರಚಾಚುವ ಅಡ್ಡಪಟ್ಟಿ ಹಾಕಿ. ಅದು ಆಗದಿದ್ದರೆ ಮೆದು ಪಾದದ ಆಸೆ ಬಿಡಿ. ಇದರಲ್ಲಿ ರಾಜಿ ಬೇಡ.

ಜರ್ರ್ ಸದ್ದು

ಇದು ಪಾದದ್ದಾಗಿರುವುದು ಕಡಿಮೆ. ಟೋನ್ ಬಿಟ್ಟುಕೊಂಡು ಒಂದೊಂದನ್ನೇ ಬೆರಳಿನಿಂದ ಒತ್ತಿ: ಮುಂದಿನ ಬಲೆಯ ಚೌಕಟ್ಟು, ವೂಫರ್‌ನ ಸ್ಕ್ರೂಗಳು, ಹಿಂದಿನ ಟರ್ಮಿನಲ್ ತಟ್ಟೆ, ಬಳಸದ ಸ್ಪೈಕ್‌ನ ಸಡಿಲ ಲಾಕ್ ನಟ್. ಯಾವುದನ್ನು ಒತ್ತಿದಾಗ ನಿಲ್ಲುತ್ತದೋ ಅದೇ. ಸ್ಪೈಕ್ ಕೆಳಗಿನ ಲೋಹದ ಬಟ್ಟಲನ್ನು ಪಾದದ ಕೆಳಗೂ ಹಾಗೇ ಬಿಟ್ಟಿದ್ದರೆ ತೆಗೆದುಬಿಡಿ. ನಯವಾದ ಟೈಲ್ಸ್ ಮೇಲೆ ಅದು ತಾಳ ಹಾಕುತ್ತದೆ. ಪೆಟ್ಟಿಗೆಯೊಳಗಿಂದ ಬರುತ್ತಿದ್ದರೆ ಕ್ರಾಸ್‌ಓವರ್‌ನ (ಸ್ವರಗಳನ್ನು ವೂಫರ್, ಟ್ವೀಟರ್‌ಗೆ ಹಂಚುವ ಸರ್ಕಿಟ್) ಯಾವುದೋ ಬಿಡಿಭಾಗದ ಅಂಟು ಬಿಟ್ಟಿರಬಹುದು. ಅದು ರಿಪೇರಿಯವರ ಕೆಲಸ.

ಬಾಸ್ ತೆಳುವಾಯಿತು ಅನ್ನಿಸಿದರೆ

ಎರಡು ಕಾರಣ ಇರಬಹುದು. ಒಂದು, ಮೊದಲು ನೀವು ಕೇಳುತ್ತಿದ್ದುದರಲ್ಲಿ ನೆಲದ್ದೂ ಒಂದು ಪಾಲಿತ್ತು. ಈಗ ನೆಲ ಬಾಯಿ ಮುಚ್ಚಿದೆ. ಇದು ದೋಷವಲ್ಲ, ಒಂದು ವಾರ ಕೇಳಿ ನೋಡಿ.

ಎರಡನೆಯದು ಎತ್ತರ. ಪಾದದಿಂದ ಪೆಟ್ಟಿಗೆ 3–4 ಸೆಂ.ಮೀ. ಮೇಲೇರಿದರೆ ಟ್ವೀಟರ್ ಕಿವಿಯ ಮಟ್ಟ ತಪ್ಪಬಹುದು. ಪೋರ್ಟ್ ಕೆಳಮುಖವಾಗಿರುವ ಸ್ಪೀಕರ್‌ಗಳಲ್ಲಂತೂ ಇದು ನಿಜವಾದ ತೊಂದರೆ. ಅಲ್ಲಿ ಪೆಟ್ಟಿಗೆಯ ತಳಕ್ಕೂ ನೆಲಕ್ಕೂ ಇರುವ ಸಂದು ಪೋರ್ಟ್‌ನ ಲೆಕ್ಕದಲ್ಲೇ ಸೇರಿರುತ್ತದೆ. ಸಂದು ಬದಲಾದರೆ ಬಾಸ್‌ನ ಶ್ರುತಿಯೂ ಬದಲಾಗುತ್ತದೆ. ತಯಾರಕರು ಹೇಳಿದ ಸಂದಿಗೆ ಮರಳುವ ಹಾಗೆ ಗಿಡ್ಡ ಪಾದ ಹುಡುಕಿ. ಇಲ್ಲವೇ ಪಾದಗಳ ಮೇಲೆ ಒಂದು ಗಟ್ಟಿ ಹಲಗೆ ಇಟ್ಟು, ಸ್ಪೀಕರ್‌ನ್ನು ಅದರ ಮೂಲ ಸ್ಪೈಕ್ ಸಮೇತ ಆ ಹಲಗೆ ಮೇಲೆ ಕೂರಿಸಿ. ಆಗ ಪೋರ್ಟ್‌ಗೆ ಹಲಗೆಯೇ ನೆಲ. ನೆನಪಿರಲಿ, ಹಲಗೆಯ ತೂಕವೂ ಪಾದದ ಲೆಕ್ಕಕ್ಕೆ ಸೇರುತ್ತದೆ.

"ಪೆಟ್ಟಿಗೆ ಸ್ಪ್ರಿಂಗ್ ಮೇಲೆ ಹಿಂದೆ ಮುಂದೆ ಆಡುತ್ತದೆ, ಬಾಸ್ ಅಲ್ಲೇ ಸೋರಿಹೋಗುತ್ತದೆ" ಅನ್ನುವ ಮಾತು ಕೇಳಿರುತ್ತೀರಿ. ಲೆಕ್ಕ ಹಾಕೋಣ. ಕೋನ್‌ನ ತೂಕ 30 ಗ್ರಾಂ, ಪೆಟ್ಟಿಗೆ 30 ಕೆ.ಜಿ. ಅಂದುಕೊಳ್ಳಿ. ಸಾವಿರಕ್ಕೆ ಒಂದು. ಕೋನ್ 3 ಮಿ.ಮೀ. ಮುಂದೆ ಬಂದರೆ ಪೆಟ್ಟಿಗೆ ಹಿಂದೆ ಹೋಗುವುದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಮೂರು ಭಾಗ. ಒಂದು ಹಾಳೆಯ ದಪ್ಪದ ಮೂವತ್ತನೇ ಒಂದು ಪಾಲು. ಇದರಲ್ಲಿ ಸೋರಿಹೋಗಲು ಬಾಸ್ ಎಲ್ಲಿದೆ?

ರೆಕಾರ್ಡ್ ಪ್ಲೇಯರ್ ಇದ್ದರೆ

ವಾಲ್ಯೂಮ್ ಏರಿಸಿದಾಗ ಊಂ ಅನ್ನುವ ಸದ್ದು ತಾನಾಗೇ ಬೆಳೆಯುತ್ತಿದ್ದರೆ ಸ್ಪೀಕರ್‌ನ ಅದುರಾಟ ಸೂಜಿಗೆ ವಾಪಸ್ ಹೋಗುತ್ತಿದೆ. ಮೋಟಾರ್ ನಿಲ್ಲಿಸಿ, ನಿಂತ ರೆಕಾರ್ಡ್ ಮೇಲೆ ಸೂಜಿ ಇಟ್ಟು, ವಾಲ್ಯೂಮ್ ನಿಧಾನವಾಗಿ ಏರಿಸಿ. ಊಂ ಶುರುವಾದ ತಕ್ಷಣ ಇಳಿಸಿ, ಕೈ ವಾಲ್ಯೂಮ್ ಮೇಲೇ ಇರಲಿ. ಈಗ ಪ್ಲೇಯರ್ ಕೆಳಗೆ ದಪ್ಪ ಸ್ಪಂಜು ಕೊಟ್ಟು ಮತ್ತೆ ಮಾಡಿ. ಹೋದರೆ ನೆಲದ ದಾರಿ, ಸ್ಪೀಕರ್ ಪಾದವನ್ನು ಸರಿಮಾಡಿದರೆ ಫಲ ಸಿಗುತ್ತದೆ. ಹೋಗದಿದ್ದರೆ ಗಾಳಿಯ ದಾರಿ. ಮುಚ್ಚಳ ತೆಗೆದು ನೋಡಿ, ಪ್ಲೇಯರ್ ದೂರ ಸರಿಸಿ.

"ಏನೂ ವ್ಯತ್ಯಾಸ ಇಲ್ಲ" ಅನ್ನುವವರಿಗೆ

ನಿಮ್ಮ ಕಿವಿ ಸರಿಯಾಗಿಯೇ ಇರಬಹುದು. ಹಲಗೆ ನೆಲ ಡೋಲಿನ ಚರ್ಮದ ಹಾಗೆ. ಅಲ್ಲಿ ಪಾದದ ಫಲ ತಕ್ಷಣ ಗೊತ್ತಾಗುತ್ತದೆ. ದಪ್ಪ ಕಾಂಕ್ರೀಟ್ ಮೇಲೆ ಟೈಲ್ಸ್ ಇರುವ ನೆಲ ಸ್ಪೀಕರ್‌ನ ತಳ್ಳಾಟಕ್ಕೆ ಜಗ್ಗುವುದೇ ಕಡಿಮೆ. ತಡೆಯಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಅಂಥ ಕಡೆ ದುಬಾರಿ ಪಾದದಿಂದ ಆಕಾಶ ಭೂಮಿ ಬದಲಾಯಿತು ಅನ್ನುವವರ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ನಂಬುವುದು ಬಿಡುವುದು ಯಾಕೆ, ಅಳೆದೇ ನೋಡಬಹುದು. ಫೈಫಾಕ್ಸ್ ಅಂತ ಒಂದು ಉಚಿತ ಆ್ಯಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ್ದು. ಅದರಲ್ಲಿ ಅದುರಾಟವನ್ನು ಹರ್ಟ್ಜ್‌ವಾರು ಬಿಡಿಸಿ ತೋರಿಸುವ ಪ್ರಯೋಗ ಸಿಗುತ್ತದೆ. ಫೋನನ್ನು ಸ್ಪೀಕರ್‌ನಿಂದ ಅರ್ಧ ಮೀಟರ್ ದೂರದಲ್ಲಿ ನೆಲದ ಮೇಲೆ ಅಂಗಾತ ಇಡಿ. ಜಾಗಕ್ಕೆ ಟೇಪ್‌ನಿಂದ ಗುರುತು ಮಾಡಿ. ಟೋನ್ ಬೇರೆ ಸಾಧನದಿಂದ ಬಿಡಿ. ಮೊದಲು ಬರೆದಿಟ್ಟ ಅದೇ ಸಂಖ್ಯೆ, ಅದೇ ವಾಲ್ಯೂಮ್. ಪಾದದ ಜೊತೆ ಒಮ್ಮೆ, ಅಷ್ಟೇ ಎತ್ತರದ ಮರದ ತುಂಡುಗಳ ಮೇಲೆ ಒಮ್ಮೆ. ಫೋನಿನ ಸೆನ್ಸರ್ ಸೆಕೆಂಡಿಗೆ 100 ಸಲ ಓದುವುದಾದರೆ 50 ಹರ್ಟ್ಜ್‌ನ ಒಳಗಿನದ್ದನ್ನು ಮಾತ್ರ ನಂಬಿ. 400 ಸಲ ಓದುವುದಾದರೆ 200ರ ಒಳಗಿನದ್ದು. ಆ ಸಂಖ್ಯೆಯ ಗೆರೆ ಗಿಡ್ಡವಾಗಿದ್ದರೆ ಪಾದ ಕೆಲಸ ಮಾಡುತ್ತಿದೆ, ಕಿವಿಗೆ ಗೊತ್ತಾಗಲಿ ಬಿಡಲಿ. ಉದ್ದವಾಗಿದ್ದರೆ ಭಾರದ ಲೆಕ್ಕಕ್ಕೆ ವಾಪಸ್ ಹೋಗಿ.

ಮೊದಲು ಚೆನ್ನಾಗಿತ್ತು, ಈಗ ಇಲ್ಲ

ರಬ್ಬರ್, ಪಾಲಿಯುರೆಥೇನ್ ಪಾದಗಳು ಭಾರದ ಕೆಳಗೆ ದಿನ ಕಳೆದಂತೆ ಇನ್ನಷ್ಟು ಕುಸಿಯುತ್ತವೆ. ವಯಸ್ಸಾದ ಹಾಗೆ ಗಟ್ಟಿಯೂ ಆಗುತ್ತವೆ. ಸಾರ್ಬೋಥೇನ್‌ನಂಥ ಜಿಗುಟು ಮೆದು ವಸ್ತು ಅದರ ದಪ್ಪದ 10ರಿಂದ 20 ಶೇಕಡಾ ಕುಸಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಬದಿಗೆ ಉಬ್ಬಿ ಚಪಾತಿಯಂತಾಗಿದ್ದರೆ ಅದರ ಕಥೆ ಮುಗಿದಿದೆ. ಇಂಥವು ಪಾಲಿಶ್ ಮಾಡಿದ ಮರದ ಮೇಲೆ ಎಣ್ಣೆಯಂಥ ಕಲೆ ಬಿಡುವುದೂ ಇದೆ. ನಡುವೆ ಒಂದು ತೆಳು ಲೋಹದ ಬಿಲ್ಲೆ ಅಥವಾ ಗಾಜಿನ ತುಂಡು ಕೊಡಿ.

ಬೆರಳ ಉಗುರಿನಿಂದ ರಬ್ಬರ್ ಒತ್ತಿ ನೋಡಿ. ಗುರುತು ಮೂಡಿ ಮಾಯವಾದರೆ ಜೀವ ಇದೆ. ಉಗುರು ಇಳಿಯದೆ ಜಾರಿದರೆ, ಇಲ್ಲವೇ ಸಣ್ಣ ಬಿರುಕು ಕಂಡರೆ ಬದಲಿಸಿ. ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಹಳೆಯದೂ ಹೊಸದೂ ಸೇರಿದರೆ ಮತ್ತೆ ಕುಂಟಾಟ.

ಹೊಸ ಸೆಟ್ ಹಾಕಿದ ದಿನ ಭಾರ ಕೂತ ಮೇಲಿನ ಎತ್ತರವನ್ನು ನಾಲ್ಕೂ ಮೂಲೆಯಲ್ಲಿ ಅಳೆದು, ಒಂದು ಚೀಟಿಯಲ್ಲಿ ತಾರೀಕು ಸಮೇತ ಬರೆದು ಪೆಟ್ಟಿಗೆಯ ಬೆನ್ನಿಗೆ ಅಂಟಿಸಿ. ತಿಂಗಳ ನಂತರ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ವರ್ನಿಯರ್ ಹಿಡಿಯಿರಿ. ಯಾವ ಮೂಲೆ ಉಳಿದ ಮೂರಕ್ಕಿಂತ 1 ಮಿ.ಮೀ. ಜಾಸ್ತಿ ಇಳಿದಿದೆಯೋ, ಮುಂದಿನ ಗುಂಯ್ ಬರುವುದು ಅಲ್ಲಿಂದಲೇ.